ಮಂಗನ ಕಾಯಿಲೆ: ವೈದ್ಯ–ಪಶುವೈದ್ಯ ಸಹಯೋಗದ ಇತಿಹಾಸ

ಮಂಗನ ಕಾಯಿಲೆ (ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ) ಉಣುಗು ಕಚ್ಚಿದಾಗ ಹರಡುವ ವೈರಸ್ ರೋಗ. ಇದು ಮಂಗಗಳನ್ನೂ ಕೊಲ್ಲುತ್ತದೆ, ಮನುಷ್ಯರನ್ನೂ ಕೊಲ್ಲುತ್ತದೆ. ಮೊದಲು ಪತ್ತೆಯಾದದ್ದು 1957ರಲ್ಲಿ, ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ. ವೈರಸ್ಸು ಕಾಡಿನಲ್ಲಿದೆ, ಉಣುಗನ್ನು ಸಾಕುವುದು ಕೊಟ್ಟಿಗೆಯ ದನ, ಜ್ವರ ಬಂದು ಮಲಗುವವರು ಮನೆಯವರು. ಹೀಗಾಗಿ ವೈದ್ಯರು, ಪಶುವೈದ್ಯರು, ಕೀಟತಜ್ಞರು, ಅರಣ್ಯ ಸಿಬ್ಬಂದಿ ಕೂಡಿ ದುಡಿಯಬೇಕಾದ ರೋಗಗಳಲ್ಲಿ ಭಾರತದ ಮಟ್ಟಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

1957ರ ಮಾರ್ಚ್‌ನಲ್ಲಿ ಕ್ಯಾಸನೂರು ಕಾಡಿನ ಮಂಗಗಳು ಸಾಯುತ್ತಿರುವ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ಕಟ್ಟಿದ ಕೇಂದ್ರ ಅದು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಅಲ್ಲಿನವರಿಗೆ ತಟ್ಟನೆ ಹೊಳೆದದ್ದು ಹಳದಿ ಜ್ವರ. ದಕ್ಷಿಣ ಅಮೆರಿಕದಲ್ಲಿ ಕಾಡಿನ ಮಂಗಗಳು ಸತ್ತರೆ ಆ ಜ್ವರ ಬಂತೆಂದೇ ಲೆಕ್ಕ. ಏಷ್ಯಾದಲ್ಲಿ ಅದುವರೆಗೆ ಕಾಣಿಸದ ರೋಗ, ಹರಡುವ ಸೊಳ್ಳೆಯೋ ಇಲ್ಲಿ ಬೇಕಾದಷ್ಟಿತ್ತು, ಗಾಬರಿ ಸಹಜವೇ. ಕೇಂದ್ರದ ನಿರ್ದೇಶಕರಾಗಿದ್ದ ವೈದ್ಯ ಟೆಲ್ಫರ್ ವರ್ಕ್ ಮತ್ತು ಪ್ರಾಣಿ–ಕೀಟ ವಿಜ್ಞಾನಿ ಹೆರಾಲ್ಡ್ ಟ್ರಾಪಿಡೊ ಅವರ ತಂಡ ಸತ್ತ ಮಂಗಗಳ ಅಂಗಾಂಶವನ್ನೂ ರೋಗಿಗಳ ರಕ್ತವನ್ನೂ ಪರೀಕ್ಷಿಸಿತು. ಎರಡರಲ್ಲೂ ಸಿಕ್ಕಿದ್ದು ಒಂದೇ ವೈರಸ್. ಅದು ಹಳದಿ ಜ್ವರದ್ದಾಗಿರಲಿಲ್ಲ, ರಷ್ಯಾದ ವಸಂತ–ಬೇಸಿಗೆ ಮೆದುಳುಜ್ವರದ ವೈರಸ್ಸಿಗೆ ಹತ್ತಿರದ್ದಾಗಿತ್ತು. ಮಂಗ ಸತ್ತ ಕಾಡಿಗೆ ಹೋಗಿ ಬಂದವರು ಜ್ವರ ಹಿಡಿದು ಮಲಗುತ್ತಾರೆ ಎಂಬುದನ್ನು ಊರಿನವರು ಪ್ರಯೋಗಾಲಯಕ್ಕಿಂತ ಮೊದಲೇ ಕಂಡುಕೊಂಡಿದ್ದರು. ಈ ಸಂಶೋಧನೆಯ ಮೊದಲ ಹೆಜ್ಜೆ ಅವರದೇ ಎಂದು ಒಪ್ಪಬೇಕು.

ರಷ್ಯಾದ ನಂಟು ಕಂಡದ್ದರಿಂದ ಸೈಬೀರಿಯಾದ ಹಕ್ಕಿಗಳು ವೈರಸ್ಸನ್ನು ಹೊತ್ತು ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯನ್ನೇ ನಡೆಸಿದರು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಅವುಗಳ ವಲಸೆಯ ಬಗ್ಗೆ ನಮಗೆ ತಿಳಿದದ್ದು ಮಾತ್ರ ಬಹಳ.

ಕಪ್ಪು ಮುಖದ ಮುಸುವ ಮತ್ತು ಕೆಂಪು ಮುಖದ ಮಂಗ, ಈ ಎರಡೂ ರೋಗಕ್ಕೆ ಬಲಿಯಾಗುತ್ತವೆ. 1964ರಿಂದ 1973ರವರೆಗೆ ದಾಖಲಾದ 1,046 ಸಾವುಗಳಲ್ಲಿ 860 ಮುಸುವಗಳವು. ಮಂಗ ಸತ್ತೊಡನೆ ಮೈಮೇಲಿನ ಉಣುಗುಗಳು ಕೆಳಗುದುರಿ ಆ ಜಾಗವೇ ಸೋಂಕಿನ ಕೇಂದ್ರವಾಗುತ್ತದೆ. ಆದ್ದರಿಂದ ಶವ ಕಂಡವರು ತಿಳಿಸಬೇಕು, ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ಮಾದರಿ ಕಳಿಸಬೇಕು, ಸುತ್ತ 50 ಮೀಟರ್ ಮೆಲಾಥಿಯಾನ್ ಪುಡಿ ಎರಚಬೇಕು, ಅತ್ತ ಆರೋಗ್ಯ ಇಲಾಖೆ ಊರಿನವರನ್ನು ಎಚ್ಚರಿಸಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಬೆಲೆ ತೆರುವವರು ಜನ. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ ಶವ ವಿಲೇವಾರಿಗೆ ಕೈಹಾಕಿದವರಿಗೇ ಕಾಯಿಲೆ ತಗುಲಿತು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಆದರೂ ರೋಗ ತಗುಲಿದ ನೂರು ಜನರಲ್ಲಿ ಮೂರರಿಂದ ಐವರು ಸಾಯುತ್ತಾರೆ. ನಿರ್ದಿಷ್ಟ ಔಷಧಿ ಇಲ್ಲ.

ಲಸಿಕೆಯ ಕಥೆಯಲ್ಲಿ ಎರಡು ವೈದ್ಯಕೀಯಗಳೂ ಒಂದೇ ಚಾವಣಿಯಡಿ ಸೇರಿದವು. ರಷ್ಯಾದ ವೈರಸ್ಸಿನಿಂದ ಮಾಡಿದ ಇಲಿಮೆದುಳಿನ ಲಸಿಕೆ ಆರಂಭದಲ್ಲೇ ವಿಫಲವಾಗಿತ್ತು. 1960ರ ದಶಕದಲ್ಲಿ ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಸಿದ್ಧವಾಯಿತು. ಅದನ್ನು ಮುಂದೆ ತಯಾರಿಸುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ಜಾನುವಾರು, ಕೋಳಿಗಳಿಗೆ ಲಸಿಕೆ ಮಾಡುವ ಸಂಸ್ಥೆ ಮಲೆನಾಡಿನ ಮನುಷ್ಯರಿಗೂ ಮಾಡಿಕೊಟ್ಟಿತು. ಆದರೆ ಆ ಲಸಿಕೆಗೆ ಬಲ ಸಾಲಲಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನದಂತೆ ಎರಡು ಡೋಸ್ ಪಡೆದವರಲ್ಲಿ ಅದರ ಪರಿಣಾಮ ಶೇ. 62, ಬೂಸ್ಟರ್ ಕೂಡ ಪಡೆದವರಲ್ಲಿ ಶೇ. 83, ಒಂದೇ ಡೋಸಿನಿಂದ ಪ್ರಯೋಜನವಿರಲಿಲ್ಲ. ಚುಚ್ಚಿದ ಜಾಗದ ನೋವಿಗೆ ಹೆದರಿ ಮುಂದಿನ ಡೋಸ್ ತಪ್ಪಿಸಿಕೊಂಡವರೂ ಅನೇಕರು. 2022ರಲ್ಲಿ ಈ ಲಸಿಕೆ ಹಾಕುವುದು ನಿಂತಿತು.

ಸಹಯೋಗ ಸೊರಗಿದ್ದು ದನದ ವಿಷಯದಲ್ಲಿ. ರೋಗವನ್ನು ಮುಖ್ಯವಾಗಿ ಸಾಗಿಸುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಉಣುಗಿನ ಮರಿಗಳು ಇಲಿ, ಹಕ್ಕಿ, ಮಂಗಗಳ ಮೈಯಲ್ಲಿ ರಕ್ತ ಹೀರುತ್ತವೆ. ಬೆಳೆದ ಉಣುಗಿಗೆ ದೊಡ್ಡ ಪ್ರಾಣಿ ಬೇಕು. ಕಾಡಿನಲ್ಲಿ ಮೇಯುವ ದನ ಅದಕ್ಕೆ ಸುಲಭವಾಗಿ ಸಿಗುತ್ತದೆ. ದನಕ್ಕೆ ಕಾಯಿಲೆ ಬರುವುದಿಲ್ಲ, ಅದರ ರಕ್ತದಲ್ಲಿ ವೈರಸ್ ಹೆಚ್ಚಾಗಿ ಬೆಳೆಯುವುದೂ ಇಲ್ಲ. ಉಣುಗಿನ ಸಂತತಿ ಮಾತ್ರ ಹೆಚ್ಚುತ್ತದೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಅಧ್ಯಯನ ಮಾಡಿ ಬಂದಿದ್ದ ಕೊಲಂಬಿಯಾದ ಹೋರ್ಹೆ ಬೊಶೆಲ್ 1969ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು: ಕಾಡು ಕಡಿದು ಊರು, ಗದ್ದೆ, ಮೇವುಮಾಳ ಹರಡಿದಂತೆ ಉಣುಗು ಹೆಚ್ಚಿತು. ಆದರೂ ದನದ ಮೈಯ ಉಣುಗು ನಿವಾರಣೆ ಜನರ ಆರೋಗ್ಯದ ಕೆಲಸವೂ ಹೌದು ಎಂಬ ತಿಳಿವಳಿಕೆ ಯೋಜನೆಯಾಗಿ ಬೇರೂರಲಿಲ್ಲ. ಪಶು ಇಲಾಖೆಗೆ ಅದು ದನ ಸಾಯದ ರೋಗ, ಆರೋಗ್ಯ ಇಲಾಖೆಗೆ ದನ ತನ್ನ ವ್ಯಾಪ್ತಿಗೆ ಬಾರದ ಪ್ರಾಣಿ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ದನ ಬೇಕು, ಕೊಟ್ಟಿಗೆಗೆ ಸೊಪ್ಪು, ತರಗೆಲೆ ಬೇಕು. ಕಾಡಿಗೆ ಹೋಗಬೇಡಿ ಎಂಬ ಸಲಹೆ ಇಂಥ ಬದುಕಿಗೆ ಹೊಂದುವುದಿಲ್ಲ.

1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಗೇರು ನೆಡಲು ಕಾಡು ತೆರವುಗೊಳಿಸಿದ ಪ್ರದೇಶದಲ್ಲಿ ರೋಗ ಉಲ್ಬಣಿಸಿ ನೂರಕ್ಕೂ ಹೆಚ್ಚು ಜನ ಸತ್ತರು. 2012ರ ಬಳಿಕ ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಅದು ಕಾಣಿಸಿಕೊಂಡಿತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ತೀವ್ರವಾಗಿ ನರಳಿತು. ಆ ವರ್ಷಗಳಲ್ಲಿ ಭಾರತ ಮತ್ತು ಬ್ರಿಟನ್ನಿನ ವೈದ್ಯಕೀಯ, ಪಶುವೈದ್ಯಕೀಯ, ಪರಿಸರ ತಜ್ಞರು ಸೇರಿ ಅಪಾಯದ ನಕ್ಷೆ ರೂಪಿಸಿದರು. ಕಾಡೂ ತೋಟವೂ ಬೆರೆತ, ಜಾನುವಾರು ದಟ್ಟವಾಗಿರುವ ಕಡೆ ಅಪಾಯ ಹೆಚ್ಚು ಎಂಬ 2020ರ ಅವರ ಫಲಿತಾಂಶ ಬೊಶೆಲ್ ಹೇಳಿದ್ದಕ್ಕೆ ಅರ್ಧ ಶತಮಾನದ ಬಳಿಕ ದೊರೆತ ಸಮರ್ಥನೆ.

ಈಗ ಜನರಿಗೆ ಉಣುಗು ದೂರವಿಡುವ ಡೇಪಾ ತೈಲ ಹಂಚಲಾಗುತ್ತಿದೆ. ಹೊಸ ಲಸಿಕೆಯ ಕೆಲಸವನ್ನು ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಕೈಗೊಂಡಿರುವುದು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್. ದನಗಳ ಕಾಲುಬಾಯಿ ಜ್ವರದ ಲಸಿಕೆಗೆಂದು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ 1982ರಲ್ಲಿ ಹುಟ್ಟುಹಾಕಿದ ಕಂಪನಿ ಅದು.