ಹಿರೋಷಿಮಾದ ಐದು ಚಿತ್ರಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಯುದ್ಧದ ಛಾಯಾಗ್ರಹಣ ಮೊದಲಾದಾಗ ಅದರ ಗಮನ ಬಹುಮಟ್ಟಿಗೆ ಸೈನಿಕರು ಮತ್ತು ರಣರಂಗದ ಮೇಲಿತ್ತು. 1930ರ ದಶಕದಲ್ಲಿ ಬಾಂಬುದಾಳಿಗಳು ನಗರಗಳನ್ನೇ ರಣರಂಗವಾಗಿಸಿದ ಬಳಿಕ, ಆಯುಧ ಹಿಡಿಯದ ನಾಗರಿಕರ ಸಂಕಟ ಅದರ ಮುಖ್ಯ ವಸ್ತುಗಳಲ್ಲೊಂದಾಯಿತು. ಆ ಸಂಕಟವನ್ನು ಸೆರೆಹಿಡಿಯುವುದು ಎಷ್ಟು ಕಠಿಣ, ಸೆರೆಹಿಡಿದದ್ದನ್ನು ಜನರ ಮುಂದಿಡುವುದು ಎಷ್ಟು ದುಸ್ತರ ಎಂಬುದಕ್ಕೆ 1945ರ ಜಪಾನಿಗಿಂತ ಸ್ಪಷ್ಟವಾದ ನಿದರ್ಶನ ವಿರಳ.

ಆ ವರ್ಷದ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಹಿರೋಷಿಮಾದ ಮೇಲೆ ಅಣುಬಾಂಬು ಸಿಡಿದಾಗ, ‘ಚೂಗೊಕು ಶಿಂಬುನ್’ ಎಂಬ ಸ್ಥಳೀಯ ದಿನಪತ್ರಿಕೆಯ ಛಾಯಾಗ್ರಾಹಕ ಯೋಷಿಟೊ ಮಾತ್ಸುಶಿಗೆ ಅವರು ಸ್ಫೋಟಕೇಂದ್ರದಿಂದ, ಅಂದರೆ ಬಾಂಬು ಸಿಡಿದ ಎಡೆಯ ನೇರ ಕೆಳಗಿನ ನೆಲದಿಂದ, 2.7 ಕಿಲೋಮೀಟರ್ ದೂರದ ತಮ್ಮ ಮನೆಯಲ್ಲಿದ್ದರು. ಕುಸಿದ ಮನೆಯಿಂದ ಮಾಮಿಯಾ ಕ್ಯಾಮೆರಾವನ್ನು ಹುಡುಕಿ ತೆಗೆದುಕೊಂಡು ನಗರದತ್ತ ಹೊರಟ ಅವರು ಹನ್ನೊಂದು ಗಂಟೆಯ ಸುಮಾರಿಗೆ ಮಿಯುಕಿ ಸೇತುವೆಯ ಬಳಿ ಕಂಡದ್ದು, ಮೈಸುಟ್ಟು ಚರ್ಮ ಜೋಲುತ್ತಿದ್ದ ಶಾಲಾಮಕ್ಕಳನ್ನು. ವಿಮಾನದಾಳಿಯ ಬೆಂಕಿ ಹರಡದಂತೆ ಕಟ್ಟಡಗಳ ಸಾಲನ್ನು ಕೆಡವಿ ತೆರವು ಮಾಡುವ ಕೆಲಸಕ್ಕೆ ಸರ್ಕಾರ ಆ ದಿನಗಳಲ್ಲಿ ವಿದ್ಯಾರ್ಥಿಗಳನ್ನು ಹಚ್ಚಿತ್ತಾದ್ದರಿಂದ, ಬಯಲಿನಲ್ಲಿ ದುಡಿಯುತ್ತಿದ್ದ ಮಕ್ಕಳು ಬಾಂಬಿನ ಕಾವಿಗೆ ನೇರವಾಗಿ ಒಡ್ಡಿಕೊಂಡಿದ್ದರು. ಬಹಳ ಹೊತ್ತು ಕ್ಯಾಮೆರಾ ಎತ್ತಲಾರದೆ ನಿಂತ ಮಾತ್ಸುಶಿಗೆ ಕೊನೆಗೆ ಒಂದು ಚಿತ್ರ ತೆಗೆದರು. ಎರಡನೆಯದನ್ನು ತೆಗೆಯುವಾಗ ಕಣ್ಣೀರು ದೃಷ್ಟಿಯನ್ನು ಮಂಜಾಗಿಸಿತ್ತು. ಮುಂದೆ ಸುಟ್ಟ ಟ್ರ್ಯಾಮಿನೊಳಗೆ ಕುಳಿತಲ್ಲೇ ಸತ್ತವರನ್ನು ಕಂಡಾಗ ಕ್ಯಾಮೆರಾದ ಗುಂಡಿ ಒತ್ತುವುದೇ ಅವರಿಗೆ ಸಾಧ್ಯವಾಗಲಿಲ್ಲ. ಇಪ್ಪತ್ತನಾಲ್ಕು ಚಿತ್ರಗಳಿಗೆ ಸಾಲುವ ಎರಡು ಸುರುಳಿ ಫಿಲ್ಮ್ ಕೈಯಲ್ಲಿದ್ದರೂ ದಕ್ಕಿದ್ದು ಐದೇ. ಕತ್ತಲಕೋಣೆಯಿಲ್ಲದ ಕಾರಣ ಆ ಫಿಲ್ಮನ್ನು ಅವರು ಕೆಲವು ವಾರಗಳ ಬಳಿಕ ರಾತ್ರಿಯ ಹೊತ್ತು ಬಯಲಿನಲ್ಲೇ ಸಂಸ್ಕರಿಸಿದರು.

ಎರಡನೆಯ ಅಣುಬಾಂಬಿಗೆ ತುತ್ತಾದ ನಾಗಸಾಕಿಯ ಸ್ಥಿತಿ ಬೇರೆ. ಜಪಾನಿನ ಸೈನ್ಯವೇ ಪ್ರಚಾರಕ್ಕಾಗಿ ಕಳುಹಿಸಿದ್ದ ಛಾಯಾಗ್ರಾಹಕ ಯೋಸುಕೆ ಯಾಮಾಹಾತಾ ಅವರು ಆಗಸ್ಟ್ 10ರಂದು, ಬಾಂಬು ಬಿದ್ದ ಮರುದಿನ, ನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಅನ್ನದುಂಡೆ ಹಿಡಿದು ನಿಂತ ಗಾಯಾಳು ಬಾಲಕನ ಚಿತ್ರ ಅವುಗಳಲ್ಲೊಂದು. ಕೆಲವು ಚಿತ್ರಗಳು ಅದೇ ತಿಂಗಳು ಪತ್ರಿಕೆಗಳಲ್ಲಿ ಅಚ್ಚಾದವು.

ಜಪಾನ್ ಶರಣಾದ ಬಳಿಕ, ಸೆಪ್ಟೆಂಬರ್ 19ರಂದು, ದೇಶವನ್ನು ವಶಕ್ಕೆ ತೆಗೆದುಕೊಂಡಿದ್ದ ಮಿತ್ರರಾಷ್ಟ್ರಗಳ ಆಡಳಿತವು ‘ಪ್ರೆಸ್ ಕೋಡ್’ ಎಂಬ ಪತ್ರಿಕಾ ನಿಯಮಾವಳಿಯನ್ನು ಹೊರಡಿಸಿತು. ಅದರಲ್ಲಿ ಅಣುಬಾಂಬಿನ ಹೆಸರೇ ಇರಲಿಲ್ಲ. ಆದರೆ ಸಾರ್ವಜನಿಕ ಶಾಂತಿಯನ್ನು ಕದಡುವ ಬರಹವನ್ನೂ ಮಿತ್ರರಾಷ್ಟ್ರಗಳ ಬಗೆಗಿನ ಕಟುಟೀಕೆಯನ್ನೂ ತಡೆಯುವ ಅದರ ಕಲಮುಗಳು ಸುಟ್ಟ ಮೈಗಳ ಚಿತ್ರಗಳನ್ನು ಮರೆಮಾಡಲು ಧಾರಾಳವಾಗಿ ಸಾಕಾದವು. 1946ರಲ್ಲಿ ಹಿರೋಷಿಮಾದ ಸಂಜೆ ಪತ್ರಿಕೆಯೊಂದು ಮಾತ್ಸುಶಿಗೆ ಅವರ ಚಿತ್ರಗಳನ್ನು ಮುದ್ರಿಸಿದ್ದು ಅಪವಾದವೇ ಸರಿ. 1952ರ ಏಪ್ರಿಲ್‌ನಲ್ಲಿ ಆ ಆಡಳಿತ ಮುಗಿದ ಮೇಲೆ, ‘ಅಸಾಹಿ ಗ್ರಾಫ್’ ವಾರಪತ್ರಿಕೆ ಆಗಸ್ಟ್ 6ರ ಸಂಚಿಕೆಯಲ್ಲಿ ಎರಡೂ ನಗರಗಳ ಚಿತ್ರಗಳನ್ನು ಪ್ರಕಟಿಸಿತು. ಅಮೆರಿಕದ ‘ಲೈಫ್’ ಪತ್ರಿಕೆ ಸೆಪ್ಟೆಂಬರ್‌ನಲ್ಲಿ ಅದನ್ನು ಅನುಸರಿಸಿತು.

ಛಾಯಾಗ್ರಾಹಕನ ಹಿಂಜರಿಕೆಯನ್ನೂ ಆಳುವವರ ನಿರ್ಬಂಧವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೊದಲನೆಯದು ನರಳುವವರ ಮಾನವನ್ನು ಕಾಯಿತು. ಎರಡನೆಯದು ಅವರ ಸಾಕ್ಷ್ಯವನ್ನೇ ಏಳು ವರ್ಷ ಕಸಿದುಕೊಂಡಿತು, ಅದೂ ಆ ಗಾಯಗಳಿಂದ ಜನ ಇನ್ನೂ ಸಾಯುತ್ತಿದ್ದ ವರ್ಷಗಳಲ್ಲಿ. ಅಣಬೆಯಾಕಾರದ ಮೋಡದ ಚಿತ್ರಗಳನ್ನು ಬಿಟ್ಟರೆ, ಬಾಂಬು ಬಿದ್ದ ದಿನವೇ ಹಿರೋಷಿಮಾ ನಗರದೊಳಗಿನ ಪಾಡನ್ನು ತೋರಿಸುವುದಾಗಿ ಇಂದಿಗೂ ತಿಳಿದಿರುವ ಚಿತ್ರಗಳು ಮಾತ್ಸುಶಿಗೆ ಅವರ ಆ ಐದು ಮಾತ್ರ.