ವಿಲಿಯಮ್ಸ್‌ಬರ್ಗಿನ ತೋಟ: ಕಂಡದ್ದೆಷ್ಟು, ಕಲ್ಪಿಸಿದ್ದೆಷ್ಟು?

ವರ್ಜೀನಿಯಾದ ವಿಲಿಯಮ್ಸ್‌ಬರ್ಗಿಗೆ ನಮ್ಮ ಸದಸ್ಯರಲ್ಲಿ ಅನೇಕರು ಮಕ್ಕಳೊಡನೆ ಹೋಗಿಬಂದಿರಬಹುದು. ಗವರ್ನರರ ಅರಮನೆಯ ತೋಟ ನೋಡಿ ‘ಎಷ್ಟು ಹಳೆಯ ತೋಟ!’ ಎಂದು ಬೆರಗಾದವರಲ್ಲಿ ನಾನೂ ಒಬ್ಬ. ಆದರೆ ಇಂದು ಕಾಣುವ ತೋಟ 1930ರ ದಶಕದ್ದು. ಅದನ್ನು ರೂಪಿಸಿದವರು ಬಾಸ್ಟನ್ನಿನ ಉದ್ಯಾನಶಿಲ್ಪಿ ಆರ್ಥರ್ ಶರ್ಕ್ಲಿಫ್ (1870–1957).

ಶರ್ಕ್ಲಿಫ್ ಎಂ.ಐ.ಟಿ.ಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಬಳಿಕ ಹಾರ್ವರ್ಡಿಗೆ ಹೋಗಿ, ಹೆಸರಾಂತ ಓಲ್ಮ್‌ಸ್ಟೆಡ್ ಸಂಸ್ಥೆಯಲ್ಲಿ ಪಳಗಿದವರು. ರಾಕ್‌ಫೆಲರ್ ಅವರ ಹಣದಿಂದ ವಿಲಿಯಮ್ಸ್‌ಬರ್ಗಿನ ಜೀರ್ಣೋದ್ಧಾರ ಆರಂಭವಾದಾಗ, 1928ರಲ್ಲಿ ತೋಟಗಳ ಹೊಣೆ ಇವರ ಪಾಲಿಗೆ ಬಂತು.

ಅರಮನೆ 1781ರಲ್ಲೇ ಸುಟ್ಟುಹೋಗಿತ್ತು. ನೆಲ ಅಗೆದಾಗ ಅಡಿಪಾಯಗಳು ಸಿಕ್ಕವು. ತೋಟದ ಜಾಗದಲ್ಲಿ ಸ್ವಾತಂತ್ರ್ಯ ಸಮರದ ಕಾಲದ 158 ಸಮಾಧಿಗಳೂ ಕಂಡುಬಂದವು. 1929ರಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಸುಮಾರು 1740ರ ಒಂದು ತಾಮ್ರದ ಅಚ್ಚುಫಲಕ ದೊರೆಯಿತು. ಅದರಲ್ಲಿ ಅರಮನೆಯ ಚಿತ್ರವಿತ್ತು, ತೋಟದ ಒಂದು ಭಾಗವೂ ಇತ್ತು. ಇವು ಗಟ್ಟಿ ಸಾಕ್ಷ್ಯಗಳು.

ಸಾಕ್ಷ್ಯ ಮುಗಿದ ಕಡೆ ಶರ್ಕ್ಲಿಫ್ ಹೋಲಿಕೆಯನ್ನು ನೆಚ್ಚಿದರು. ಇಂಗ್ಲೆಂಡಿನ ಮತ್ತು ಅಮೆರಿಕದ ದಕ್ಷಿಣ ಸೀಮೆಯ ಹಳೆಯ ತೋಟಗಳನ್ನು ಸುತ್ತಿ ನೋಡಿದರು. ಮಕ್ಕಳು ಇಂದು ಓಡಾಡುವ ಆ ಚಕ್ರವ್ಯೂಹಕ್ಕೆ ಮಾದರಿ ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್. ಊರಿನ ಮನೆಗಳ ಹಿತ್ತಿಲಲ್ಲೂ ಬಾಕ್ಸ್‌ವುಡ್ ಪೊದೆಗಳನ್ನು ಧಾರಾಳವಾಗಿ ನೆಡಿಸಿದರು. ಅದು ಅತಿಯಾಯಿತು, ಸಾಮಾನ್ಯರ ಹಿತ್ತಿಲು ಅಷ್ಟು ಅಲಂಕಾರದ್ದಾಗಿರಲಿಲ್ಲ ಎಂದು ನಂತರದ ಸಂಶೋಧಕರು ಹೇಳಿದರು.

ತಪ್ಪಿಗೆ ಕಾರಣವೂ ಇತ್ತು. ಆಗಿನ ಅಗೆತದವರು ಇಟ್ಟಿಗೆ ಗೋಡೆ ಹುಡುಕುತ್ತ ಉದ್ದುದ್ದ ಕಂದಕ ತೋಡುತ್ತಿದ್ದರು. ಮರದ ಬೇಲಿಗೂಟ ಕೊಳೆತರೆ ಮಣ್ಣಿನಲ್ಲಿ ಉಳಿಯುವುದು ಕಪ್ಪು ಕಲೆ ಮಾತ್ರ. ಅದು ಅವರ ಕಣ್ಣಿಗೆ ಬೀಳಲಿಲ್ಲ. ಈಗಿನವರು ಆ ಕಲೆಯನ್ನೂ, ಮಣ್ಣಿನ ಪರಾಗವನ್ನೂ ಪರೀಕ್ಷಿಸುತ್ತಾರೆ. ಹದಿನೆಂಟನೆಯ ಶತಮಾನದ ಆ ಊರಿನ ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕರಿಯರು, ಬಹುತೇಕ ಎಲ್ಲರೂ ಗುಲಾಮರು. ಅವರ ದುಡಿಮೆಯ ಗುರುತೂ ಅಂದದ ಪೊದೆಗಳ ಹಿಂದೆ ಮರೆಯಾಗಿತ್ತು.

ಹಾಗೆಂದು ಶರ್ಕ್ಲಿಫ್ ಅವರ ಕೆಲಸ ಕಡೆಗಣಿಸುವಂಥದಲ್ಲ. ಆ ತೋಟಗಳೇ ಈಗ ಚರಿತ್ರೆಯ ಭಾಗ. ಪ್ರಯೋಗಶಾಲೆಯಲ್ಲಿ ಅಳೆದದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಬರೆದಿಡಬೇಕೆಂದು ನಮಗೆ ಕಲಿಸುತ್ತಾರೆ. ದೂರದ ನಾಡಿನಲ್ಲಿ ಕುಳಿತು ಮಕ್ಕಳಿಗೆ ‘ನಮ್ಮೂರಲ್ಲಿ ಹೀಗಿತ್ತು’ ಎಂದು ಹೇಳುವ ನಾವೂ ಆ ಗೆರೆಯನ್ನು ಅಳಿಸದಿದ್ದರೆ ಒಳ್ಳೆಯದು.