ಉತ್ತರ ಜರ್ಮನಿಯ ಆರ್ಗನ್ ವಾದಕರ ಗುರುಪರಂಪರೆ

ಎಲ್ಬ್ ನದಿಯ ದಂಡೆಯ ಹ್ಯಾಂಬರ್ಗ್ ನಗರದಲ್ಲಿ 1604ರಲ್ಲಿ ಅಚ್ಚಾದ ಸ್ತೋತ್ರಗೀತೆಗಳ ಸಂಪುಟವೊಂದು ಯುರೋಪಿನ ಸಂಗೀತ ಚರಿತ್ರೆಯಲ್ಲಿ ವಿಶಿಷ್ಟವಾದ ದಾಖಲೆಯಾಗಿದೆ. ಏಕೆಂದರೆ ಅದು ಒಬ್ಬ ಸಂಗೀತಗಾರನ ಕೃತಿಯಲ್ಲ, ನಗರದ ನಾಲ್ಕು ಮುಖ್ಯ ಚರ್ಚುಗಳಲ್ಲಿ ಸೇವೆಗಿದ್ದ ನಾಲ್ವರು ಆರ್ಗನ್ ವಾದಕರು ಕೂಡಿ ಸಿದ್ಧಪಡಿಸಿದ ಗ್ರಂಥ. ಸೇಂಟ್ ಯಾಕೋಬಿ ಚರ್ಚಿನ ಹಿರೋನಿಮಸ್ ಪ್ರೆಟೋರಿಯಸ್, ಸೇಂಟ್ ಪೆಟ್ರಿಯಲ್ಲಿದ್ದ ಅವರ ಮಗ ಯಾಕೋಬ್ ಪ್ರೆಟೋರಿಯಸ್, ಸೇಂಟ್ ನಿಕೊಲಾಯ್‌ನ ಯೋವಾಖಿಮ್ ಡೆಕರ್ ಮತ್ತು ಸೇಂಟ್ ಕ್ಯಾಥರೀನೆನ್‌ನ ಡೇವಿಡ್ ಶೈಡೆಮಾನ್ ಅವರು, ಸಾಮಾನ್ಯ ಭಕ್ತರಿಗೆ ಪರಿಚಿತವಾದ ರಾಗಧಾಟಿಗಳನ್ನು ಮೇಲಿನ ಧ್ವನಿಯಲ್ಲಿರಿಸಿ, ಅದರ ಕೆಳಗೆ ಇನ್ನು ಮೂರು ಧ್ವನಿಗಳನ್ನು ಹೊಂದಿಸಿ, ಇಡೀ ಸಭೆ ಆರ್ಗನ್ನಿನ ಜೊತೆಗೆ ಹಾಡಲು ಅನುವಾಗುವಂತೆ ಅದನ್ನು ರೂಪಿಸಿದರು. ಒಂದೇ ಊರಿನಲ್ಲಿ ಒಂದೇ ವೃತ್ತಿ ಮಾಡುತ್ತಿದ್ದ ನಾಲ್ವರು ಪರಸ್ಪರ ಸ್ಪರ್ಧಿಗಳಾಗದೆ ಹೀಗೆ ಸಹಕರ್ತೃಗಳಾದದ್ದು ಆಕಸ್ಮಿಕವಲ್ಲ. ಮುಂದಿನ ನೂರಿಪ್ಪತ್ತು ವರ್ಷಗಳ ಕಾಲ ಹ್ಯಾಂಬರ್ಗ್, ಲ್ಯೂಬೆಕ್ ಮತ್ತು ಸುತ್ತಲಿನ ಕರಾವಳಿ ಪ್ರದೇಶದಲ್ಲಿ ಬೆಳೆದ ಆರ್ಗನ್ ಸಂಗೀತವನ್ನು ಹಿಡಿದು ನಿಲ್ಲಿಸಿದ್ದು ಈ ಬಗೆಯ ಒಡನಾಟವೇ.

ಇಲ್ಲಿ ಆರ್ಗನ್ ಎಂದರೆ ಚರ್ಚಿನ ಗೋಡೆಗೆ ಆತುಕೊಂಡು ಕಟ್ಟಡದ ಭಾಗವೇ ಆಗಿ ನಿಲ್ಲುವ ಕೊಳವೆ ವಾದ್ಯ. ದೊಡ್ಡ ತಿದಿಗಳನ್ನು ಆಳುಗಳು ತುಳಿದು ಒದಗಿಸುವ ಗಾಳಿಯು ಮರದ ಪೆಟ್ಟಿಗೆಗಳಲ್ಲಿ ತುಂಬಿಕೊಳ್ಳುತ್ತದೆ. ವಾದಕನು ಕೀಲಿಮಣೆಯನ್ನು ಒತ್ತಿದಾಗ ಕವಾಟ ತೆರೆದು, ಆ ಗಾಳಿ ತವರ ಮತ್ತು ಸೀಸದ ಮಿಶ್ರಲೋಹದ ಅಥವಾ ಮರದ ಕೊಳವೆಯೊಂದರ ಮೂಲಕ ಹಾಯ್ದು ಸ್ವರವಾಗುತ್ತದೆ. ಒಂದೇ ಬಗೆಯ ನಾದವುಳ್ಳ ಕೊಳವೆಗಳ ಒಂದು ಸಾಲನ್ನು ಸ್ಟಾಪ್ ಎಂದು ಕರೆಯುತ್ತಾರೆ. ಉತ್ತರ ಜರ್ಮನಿಯ ದೊಡ್ಡ ವಾದ್ಯಗಳಲ್ಲಿ ಇಂತಹ ಐವತ್ತು ಅರವತ್ತು ಸ್ಟಾಪುಗಳು, ಕೈಗಳಿಗಾಗಿ ಮೂರು ಅಥವಾ ನಾಲ್ಕು ಮಣೆಗಳು ಇದ್ದವಲ್ಲದೆ, ಪಾದಗಳಿಂದ ನುಡಿಸುವ ಪೆಡಲ್ ಮಣೆಗೆ ಸ್ವತಂತ್ರವಾದ, ಕೆಲವೆಡೆ 32 ಅಡಿ ಎತ್ತರದ ಕೊಳವೆಗಳೂ ಇದ್ದವು. ಪಾದಗಳು ಕೈಗಳಿಗೆ ಸಮನಾಗಿ ನುಡಿಯುವ ಈ ವ್ಯವಸ್ಥೆಯೇ ಆ ಪ್ರದೇಶದ ಶೈಲಿಯ ಮೂಲಲಕ್ಷಣವಾಯಿತು. ಇಷ್ಟು ದುಬಾರಿಯಾದ ವಾದ್ಯಗಳನ್ನು ಕಟ್ಟಿಸುವ ಶಕ್ತಿ ಅಲ್ಲಿನ ಬಂದರು ನಗರಗಳ ವರ್ತಕರಿಗಿತ್ತು. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಜರ್ಮನಿಯ ಬಹುಭಾಗ ಹಾಳಾದಾಗಲೂ ಭದ್ರವಾದ ಕೋಟೆಯೊಳಗಿದ್ದ ಹ್ಯಾಂಬರ್ಗ್ ಬಹುಮಟ್ಟಿಗೆ ಸುರಕ್ಷಿತವಾಗಿಯೇ ಉಳಿಯಿತು. ಮಾರ್ಟಿನ್ ಲೂಥರ್ ಅವರ ಸುಧಾರಣೆಯಿಂದ ಆರಾಧನೆಯ ಕೇಂದ್ರಕ್ಕೆ ಬಂದ ಕೋರಾಲ್, ಅಂದರೆ ಜನಭಾಷೆಯಲ್ಲಿ ಸಭೆಯೇ ಹಾಡುವ ಸ್ತೋತ್ರಗೀತೆ, ಈ ವಾದ್ಯಕ್ಕೆ ಬೇಕಾದ ಸಂಗೀತದ್ರವ್ಯವನ್ನು ಒದಗಿಸಿತು.

ಪರಂಪರೆಯ ಆದಿಗುರು ಜರ್ಮನಿಯವರಲ್ಲ, ಆಮ್‌ಸ್ಟರ್‌ಡ್ಯಾಮ್‌ನ ಔಡೆ ಕೆರ್ಕ್ ಎಂಬ ಹಳೆಯ ಚರ್ಚಿನ ವಾದಕರಾಗಿದ್ದ ಯಾನ್ ಪೀಟರ್‌ಜೂನ್ ಸ್ವೇಲಿಂಕ್ (1562–1621). ಕ್ಯಾಲ್ವಿನ್ ಪಂಥಕ್ಕೆ ಸೇರಿದ ಆ ನಗರದಲ್ಲಿ ಆರಾಧನೆಯ ನಡುವೆ ಆರ್ಗನ್ ನುಡಿಸಲು ಅವಕಾಶವಿರಲಿಲ್ಲವಾದರೂ, ವಾದ್ಯವು ನಗರಾಡಳಿತದ ಸ್ವತ್ತಾಗಿದ್ದುದರಿಂದ ಅವರು ನಗರದ ಸಂಬಳ ಪಡೆದು, ಪ್ರಾರ್ಥನೆಗೆ ಮೊದಲು ಮತ್ತು ಅನಂತರ ನಾಗರಿಕರಿಗಾಗಿ ನುಡಿಸುತ್ತಿದ್ದರು. ಹೀಗೆ ದೊರೆತ ಬಿಡುವನ್ನು ಅವರು ಬೋಧನೆಗೆ ಮೀಸಲಿಟ್ಟರು. ಯಾಕೋಬ್ ಪ್ರೆಟೋರಿಯಸ್, ಡೇವಿಡ್ ಶೈಡೆಮಾನ್ ಅವರ ಮಗ ಹೈನ್ರಿಖ್, ಹಾಲೆಯ ಸ್ಯಾಮ್ಯುಯೆಲ್ ಶೈಟ್, ಹನೋವರ್‌ನ ಮೆಲ್ಖಿಯೋರ್ ಶಿಲ್ಟ್ ಮುಂತಾದವರು ಅವರಲ್ಲಿ ಕಲಿತರು. ಹೈನ್ರಿಖ್ ಶೈಡೆಮಾನ್ ಅವರನ್ನು 1611ರಿಂದ 1614ರವರೆಗೆ ಆಮ್‌ಸ್ಟರ್‌ಡ್ಯಾಮ್‌ಗೆ ಕಳುಹಿಸಿ ಅದರ ವೆಚ್ಚವನ್ನು ವಹಿಸಿದ್ದು ಕ್ಯಾಥರೀನೆನ್ ಚರ್ಚು. ಅವರು ಹಿಂತಿರುಗುವಾಗ ಗುರುವು ಒಂದು ಕ್ಯಾನನ್ ರಚಿಸಿಕೊಟ್ಟು ಬೀಳ್ಕೊಟ್ಟರು. ಒಂದೇ ಸ್ವರಮಾಲೆಯನ್ನು ಹಲವು ಧ್ವನಿಗಳು ಒಂದರ ಹಿಂದೊಂದು ಅನುಸರಿಸುವ ರಚನೆಗೆ ಕ್ಯಾನನ್ ಎಂದು ಹೆಸರು. ಹ್ಯಾಂಬರ್ಗ್‌ನ ಮುಖ್ಯ ಚರ್ಚುಗಳ ವಾದಕರೆಲ್ಲ ಒಂದು ಕಾಲಕ್ಕೆ ಇವರ ಶಿಷ್ಯರೇ ಆಗಿದ್ದುದರಿಂದ ಸ್ವೇಲಿಂಕ್ ಅವರನ್ನು ಆ ನಗರದ ವಾದಕರ ನಿರ್ಮಾಪಕರೆಂದು ಜನ ಕರೆಯುತ್ತಿದ್ದರೆಂದು ಹ್ಯಾಂಬರ್ಗ್‌ನ ಸಂಗೀತ ಲೇಖಕ ಯೋಹಾನ್ ಮಾಟ್ಟೆಸೊನ್ ದಾಖಲಿಸಿದ್ದಾರೆ. ಯಾಕೋಬ್ ಪ್ರೆಟೋರಿಯಸ್ ಸದಾ ಗಂಭೀರರು, ಶೈಡೆಮಾನ್ ಎಲ್ಲರೊಡನೆ ಬೆರೆಯುವ ಹಸನ್ಮುಖಿ, ಅವರವರ ನುಡಿಸಾಣಿಕೆಯೂ ಅವರವರ ಸ್ವಭಾವದಂತೆಯೇ ಇತ್ತು ಎಂಬ ವಿವರವೂ ಮಾಟ್ಟೆಸೊನ್ ಅವರಿಂದಲೇ ದೊರೆಯುತ್ತದೆ. ಒಬ್ಬ ಗುರುವಿನ ಶಿಷ್ಯರು ಒಂದೇ ಅಚ್ಚಿನಲ್ಲಿ ಎರಕವಾಗಲಿಲ್ಲವೆಂಬುದಕ್ಕೆ ಇದು ಬೆಲೆಯುಳ್ಳ ಸಾಕ್ಷ್ಯ.

ಹಿಂದುಸ್ತಾನಿ ಸಂಗೀತದ ಘರಾಣೆಗಳನ್ನು ಬಲ್ಲ ಓದುಗರಿಗೆ ಈ ವ್ಯವಸ್ಥೆ ಪರಿಚಿತವೆನಿಸಬಹುದು, ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು: ಇಲ್ಲಿ ವಿದ್ಯೆಯ ನೆಲೆ ಮನೆತನಕ್ಕಿಂತ ಹೆಚ್ಚಾಗಿ ಚರ್ಚಿನ ಹುದ್ದೆ ಮತ್ತು ಕದಲಿಸಲಾಗದ ಒಂದು ವಾದ್ಯ. ಶಿಷ್ಯನು ಗುರುವಿನ ವಾದ್ಯದ ಮುಂದೆ ಕುಳಿತೇ ಕಲಿಯಬೇಕಾಗಿತ್ತು. ರಚನೆಗಳು ಅಚ್ಚಾಗುತ್ತಿದ್ದುದು ಬಹಳ ವಿರಳ. ಪಂಕ್ತಿಗಳ ಮೇಲೆ ಸ್ವರಚಿಹ್ನೆಗಳನ್ನು ಬರೆಯುವ ಬದಲು ಸ್ವರಗಳ ಹೆಸರನ್ನು ಅಕ್ಷರಗಳಲ್ಲೇ ಬರೆದು, ಕಾಲಪ್ರಮಾಣವನ್ನು ಮೇಲೆ ಗುರುತಿಸುವ ಟ್ಯಾಬ್ಲಚರ್ ಎಂಬ ಲಿಪಿಪದ್ಧತಿಯಲ್ಲಿ ಶಿಷ್ಯರು ಅವನ್ನು ನಕಲು ಮಾಡಿಕೊಳ್ಳುತ್ತಿದ್ದರು. ಸಂಯೋಜಕರ ಸ್ವಹಸ್ತದ ಪ್ರತಿಗಳು ಬಹುಮಟ್ಟಿಗೆ ನಾಶವಾಗಿರುವುದರಿಂದ, ಇಂದು ಉಳಿದಿರುವ ಸಂಗೀತದ ಬಹುಪಾಲು ಈ ನಕಲುಕಾರರ ಕೈಯಿಂದ ಬಂದದ್ದು. ನುಡಿಸುವಾಗಲೇ ಆಶುವಾಗಿ ಕಟ್ಟಿದ್ದು ಬರವಣಿಗೆಗೆ ಇಳಿಯಲೇ ಇಲ್ಲ. ಸೇಂಟ್ ಯಾಕೋಬಿಯ ವಾದಕರಾಗಿದ್ದ ಮಾಥಿಯಾಸ್ ವೆಕ್‌ಮಾನ್ ಅವರ ಶಿಷ್ಯರಾದ ಯೋಹಾನ್ ಕೋರ್ಟ್‌ಕಾಂಪ್ 18ನೇ ಶತಮಾನದ ಆರಂಭದಲ್ಲಿ ತಮ್ಮ ಹಿರಿಯರ ವೃತ್ತಾಂತವನ್ನು ಬರೆದಿಟ್ಟರು. ವೃತ್ತಿಬಾಂಧವರ ಸುದ್ದಿ, ನೇಮಕ, ಜಗಳ, ಮೆಚ್ಚುಗೆಗಳನ್ನು ಒಳಗಿನವರ ಕಣ್ಣಿನಿಂದ ಕಾಣಿಸುವ ಆ ವೃತ್ತಾಂತವಿಲ್ಲದಿದ್ದರೆ ಈ ಸಮುದಾಯದ ಚರಿತ್ರೆ ಬರಿಯ ಹೆಸರು ತೇದಿಗಳ ಪಟ್ಟಿಯಾಗುತ್ತಿತ್ತು.

ಸಮುದಾಯದ ನಿಜವಾದ ಸಭೆಗಳು ನಡೆಯುತ್ತಿದ್ದುದು ಪರೀಕ್ಷೆಗಳ ಸಂದರ್ಭದಲ್ಲಿ. ಹೊಸ ಆರ್ಗನ್ ಸಿದ್ಧವಾದಾಗ ಪರ ಊರಿನ ಅನುಭವಿ ವಾದಕರನ್ನು ಕರೆಸಿ, ತಿದಿಯಿಂದ ಹಿಡಿದು ಪ್ರತಿಯೊಂದು ಕೊಳವೆಯವರೆಗೆ ತಪಾಸಣೆ ಮಾಡಿಸಿ, ಅವರ ಒಪ್ಪಿಗೆಯ ನಂತರವೇ ಕಟ್ಟಿದವರಿಗೆ ಹಣ ಪಾವತಿಸುವ ಪದ್ಧತಿಯಿತ್ತು. ಹಾಲ್ಬರ್‌ಷ್ಟಾಟ್ ಬಳಿಯ ಗ್ರೋನಿಂಗೆನ್ ಕೋಟೆಯಲ್ಲಿ 1596ರಲ್ಲಿ 59 ಸ್ಟಾಪುಗಳ ಆರ್ಗನ್ ಪೂರ್ಣಗೊಂಡಾಗ ಅದರ ಪರೀಕ್ಷೆಗೆ 53 ವಾದಕರು ಕೂಡಿದ್ದರೆಂದು ಸಂಗೀತಶಾಸ್ತ್ರಜ್ಞ ಆಂಡ್ರಿಯಾಸ್ ವೆರ್ಕ್‌ಮೈಸ್ಟರ್ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಹಿರೋನಿಮಸ್ ಪ್ರೆಟೋರಿಯಸ್, ಹಾನ್ಸ್ ಲಿಯೊ ಹಾಸ್ಲರ್ ಮುಂತಾದವರು ಅಲ್ಲಿದ್ದರು. ವಾದಕರ ನೇಮಕಾತಿಗೂ ಸಹೋದ್ಯೋಗಿಗಳೇ ತೀರ್ಪುಗಾರರು. 1655ರಲ್ಲಿ ಸೇಂಟ್ ಯಾಕೋಬಿಯ ಹುದ್ದೆಗೆ ವೆಕ್‌ಮಾನ್ ನುಡಿಸಿದಾಗ, ಸಿದ್ಧಪಡಿಸಿಕೊಂಡು ಬಂದದ್ದನ್ನು ಒಪ್ಪಿಸುವುದು ಸಾಕಾಗಲಿಲ್ಲ; ಕೋರಾಲ್ ಒಂದನ್ನು ಸ್ಥಳದಲ್ಲೇ ವಿಸ್ತರಿಸುವುದು, ಕೊಟ್ಟ ಗಾಯನಕೃತಿಯನ್ನು ಆರ್ಗನ್ನಿಗೆ ಹೊಂದಿಸಿಕೊಳ್ಳುವುದು, ಮಂದ್ರಧ್ವನಿಯ ಸಾಲನ್ನಷ್ಟೇ ನೋಡಿ ಪಿಟೀಲಿಗೆ ಪಕ್ಕವಾದ್ಯ ನುಡಿಸುವುದು ಎಲ್ಲವೂ ಪರೀಕ್ಷೆಯ ಅಂಗಗಳಾಗಿದ್ದವು. ಹುದ್ದೆಗೆ ಬಂದ ಐದು ವರ್ಷಗಳಲ್ಲಿ ಅವರು ಹ್ಯಾಂಬರ್ಗ್‌ನಲ್ಲಿ ಕೊಲೇಗಿಯಂ ಮ್ಯೂಸಿಕಂ ಎಂಬ ಸಂಗೀತಕೂಟವನ್ನು ಸ್ಥಾಪಿಸಿ, ಯುರೋಪಿನ ಬೇರೆಡೆಯ ಹೊಸ ಸಂಗೀತವನ್ನು ಅಲ್ಲಿ ಕೇಳುವಂತೆ ಮಾಡಿದರು.

ಹುದ್ದೆಯ ಜೊತೆಗೆ ಹಿಂದಿನ ವಾದಕರ ಕುಟುಂಬದ ಹೊಣೆಯೂ ಬರುತ್ತಿತ್ತು. ನಿವೃತ್ತಿವೇತನವಿಲ್ಲದ ಆ ಕಾಲದಲ್ಲಿ ವಾದಕರ ವಿಧವೆಯನ್ನೋ ಮಗಳನ್ನೋ ಉತ್ತರಾಧಿಕಾರಿಯು ಮದುವೆಯಾಗುವುದು ಆ ಕುಟುಂಬಕ್ಕೆ ಆಸರೆ ಒದಗಿಸುವ ಕ್ರಮವಾಗಿತ್ತು. ಯೋಹಾನ್ ಆಡಮ್ ರೈನ್ಕೆನ್ ಕ್ಯಾಥರೀನೆನ್‌ನಲ್ಲಿ ತಮ್ಮ ಗುರು ಹೈನ್ರಿಖ್ ಶೈಡೆಮಾನ್ ಅವರ ಸ್ಥಾನಕ್ಕೆ ಬಂದು ಅವರ ಮಗಳನ್ನು ವಿವಾಹವಾದರು. ಡೀಟ್ರಿಖ್ ಬುಕ್ಸ್ಟೆಹೂಡ 1668ರಲ್ಲಿ ಲ್ಯೂಬೆಕ್‌ನ ಸೇಂಟ್ ಮೇರಿ ಚರ್ಚಿನ ಹುದ್ದೆ ಹಿಡಿದು ಅಲ್ಲಿನ ಹಿಂದಿನ ವಾದಕ ಫ್ರಾನ್ಸ್ ತುಂಡರ್ ಅವರ ಅಳಿಯರಾದರು. 1703ರಲ್ಲಿ ಮಾಟ್ಟೆಸೊನ್ ಮತ್ತು ತರುಣ ಹ್ಯಾಂಡೆಲ್ ಲ್ಯೂಬೆಕ್‌ಗೆ ಬಂದಾಗ ಬುಕ್ಸ್ಟೆಹೂಡ ಅವರ ಮಗಳನ್ನು ವರಿಸುವ ಷರತ್ತಿಗೆ ಇಬ್ಬರೂ ಮನಸ್ಸು ಮಾಡಲಿಲ್ಲವೆಂಬುದನ್ನು ನಗುವಿನ ಸಂಗತಿಯಾಗಿ ಹೇಳುವ ರೂಢಿಯಿದೆ. ಆದರೆ ಆ ಹೆಣ್ಣುಮಕ್ಕಳ ಬದುಕಿಗೆ ಬೇರೆ ಆಧಾರವಿರಲಿಲ್ಲವೆಂಬುದನ್ನು ನೆನೆದರೆ ಆ ನಗುವಿಗೆ ಅರ್ಥವಿಲ್ಲ.

ಲ್ಯೂಬೆಕ್‌ನ ಆಬೆಂಟ್‌ಮ್ಯೂಸಿಕ್ ಅಥವಾ ಸಂಜೆಯ ಸಂಗೀತ ಸಭೆಗಳು ಈ ಪರಂಪರೆಯ ಶ್ರೇಷ್ಠ ಫಲಗಳಲ್ಲೊಂದು. ಸರಕುಪೇಟೆ ತೆರೆಯುವುದನ್ನು ಕಾಯುತ್ತಿದ್ದ ವರ್ತಕರಿಗಾಗಿ ತುಂಡರ್ ಆರ್ಗನ್ ನುಡಿಸುತ್ತಿದ್ದುದೇ ಅವುಗಳ ಮೂಲವೆಂದು 18ನೇ ಶತಮಾನದ ಲ್ಯೂಬೆಕ್‌ನ ಸಂಗೀತಾಧಿಕಾರಿ ಕಾಸ್ಪರ್ ರೂಯೆಟ್ಸ್ ಬರೆದಿದ್ದಾರೆ. ಬುಕ್ಸ್ಟೆಹೂಡ ಅವುಗಳನ್ನು ಕ್ರಿಸ್ಮಸ್‌ಗೆ ಮುಂಚಿನ ಕಾಲದ ಐದು ಭಾನುವಾರಗಳಿಗೆ ನಿಗದಿಪಡಿಸಿ, 1669ರಲ್ಲಿ ಹೊಸ ಉಪ್ಪರಿಗೆಗಳನ್ನು ಕಟ್ಟಿಸಿ, ಸುಮಾರು ನಲವತ್ತು ಗಾಯಕ ವಾದಕರಿಗೆ ಸ್ಥಳ ಮಾಡಿದರು. ಪ್ರವೇಶಕ್ಕೆ ಹಣವಿರಲಿಲ್ಲ, ವೆಚ್ಚವನ್ನು ವರ್ತಕರು ದೇಣಿಗೆಯಾಗಿ ಕೊಡುತ್ತಿದ್ದರು, ಸಾಲದೆ ಬಂದಾಗ ಬುಕ್ಸ್ಟೆಹೂಡ ವಿನಂತಿಪತ್ರ ಬರೆಯುತ್ತಿದ್ದರು. ಚರ್ಚಿನ ಲೆಕ್ಕಪತ್ರಗಳನ್ನು ಇಡುವ ಅಧಿಕಾರಿಯ ಕೆಲಸವೂ ಅವರದೇ ಆಗಿತ್ತು. ಯುರೋಪಿನಲ್ಲಿ ಸಾರ್ವಜನಿಕ ಕಛೇರಿಯ ಕಲ್ಪನೆ ಬೇರೂರುವ ಮೊದಲೇ ಒಬ್ಬ ಚರ್ಚು ನೌಕರರು ಇಂತಹ ಸಂಪ್ರದಾಯವನ್ನು ಕಟ್ಟಿದರು ಎಂಬುದೂ, ಅದು 1810ರವರೆಗೆ ಮುಂದುವರಿಯಿತು ಎಂಬುದೂ ಗೌರವದಿಂದ ಸ್ಮರಿಸಬೇಕಾದ ವಿಷಯ.

ಯೋಹಾನ್ ಸೆಬಾಸ್ಟಿಯನ್ ಬಾಖ್ ಈ ಸಮುದಾಯದ ಅಂಚಿನಲ್ಲಿ ನಿಂತು ಕಲಿತವರು. ಲ್ಯೂನೆಬರ್ಗ್‌ನಲ್ಲಿ ಆರ್ಗನ್ ವಾದಕ ಗೆಯೋರ್ಗ್ ಬ್ಯೋಮ್ ಅವರ ಮನೆಯಲ್ಲಿ 1700ರಲ್ಲಿ ಅವರು ನಕಲಿಸಿಕೊಂಡ ರೈನ್ಕೆನ್ ರಚನೆಯ ಟ್ಯಾಬ್ಲಚರ್ ಪ್ರತಿ ವೈಮಾರ್‌ನ ಗ್ರಂಥಾಲಯದಲ್ಲಿ ಪತ್ತೆಯಾದುದು 2006ರಲ್ಲಿ ಪ್ರಕಟವಾಯಿತು. 1705ರಲ್ಲಿ ನಾಲ್ಕು ವಾರಗಳ ರಜೆ ಪಡೆದು ಆರ್ನ್‌ಷ್ಟಾಟ್‌ನಿಂದ ಲ್ಯೂಬೆಕ್‌ವರೆಗೆ ನಾನ್ನೂರಕ್ಕೂ ಹೆಚ್ಚು ಕಿಲೋಮೀಟರ್ ನಡೆದುಹೋದ ಅವರು ಬುಕ್ಸ್ಟೆಹೂಡ ಅವರಲ್ಲಿ ಕೇಳಿ ಕಲಿಯುತ್ತ ಸುಮಾರು ನಾಲ್ಕು ತಿಂಗಳ ನಂತರವೇ ಮರಳಿದರು. 1720ರಲ್ಲಿ ಹ್ಯಾಂಬರ್ಗ್‌ನ ಯಾಕೋಬಿ ಹುದ್ದೆಗೆ ಅವರ ಹೆಸರು ಬಂದಾಗ ಅದು ದೊರೆತದ್ದು ಚರ್ಚಿಗೆ 4,000 ಮಾರ್ಕ್ ಕೊಟ್ಟ ಯೋಹಾನ್ ಯೋವಾಖಿಮ್ ಹೈಟ್‌ಮಾನ್ ಎಂಬವರಿಗೆ. ಅದೇ ವರ್ಷ ಕ್ಯಾಥರೀನೆನ್‌ನಲ್ಲಿ ಬಾಖ್ ಕೋರಾಲ್ ಒಂದನ್ನು ಸುಮಾರು ಅರ್ಧ ಗಂಟೆ ವಿಸ್ತರಿಸಿದುದನ್ನು ಕೇಳಿದ ವೃದ್ಧ ರೈನ್ಕೆನ್, ಸತ್ತಿತೆಂದು ತಾವು ಭಾವಿಸಿದ್ದ ಕಲೆ ಬದುಕಿರುವುದನ್ನು ಕಂಡೆನೆಂದು ಮೆಚ್ಚಿದರು. ಬುಕ್ಸ್ಟೆಹೂಡ, ರೈನ್ಕೆನ್ ಮೊದಲಾದವರನ್ನು ಬಾಖ್ ಅವರ ಪೂರ್ವಸೂರಿಗಳೆಂದಷ್ಟೇ ನೋಡುವ ಚರಿತ್ರಕಾರರು ಈ ಘಟನೆಯನ್ನು ತಲೆಕೆಳಗಾಗಿ ಓದುತ್ತಾರೆ. ಅಂದು ತೀರ್ಪು ನೀಡುವ ಅಧಿಕಾರವಿದ್ದದ್ದು ರೈನ್ಕೆನ್ ಅವರಿಗೆ, ಪರೀಕ್ಷೆಗೆ ಒಳಗಾದವರು ಬಾಖ್.

ವಾದಕರಷ್ಟೇ ಮುಖ್ಯರಾದವರು ವಾದ್ಯ ಕಟ್ಟಿದವರು. ಆರ್ಪ್ ಷ್ನಿಟ್ಗರ್ (1648–1719) ಹೊಸದಾಗಿ ಕಟ್ಟಿದ ಮತ್ತು ಪುನರ್ನಿರ್ಮಿಸಿದ ಆರ್ಗನ್‌ಗಳು ನೂರೈವತ್ತಕ್ಕೂ ಹೆಚ್ಚು; ಹ್ಯಾಂಬರ್ಗ್‌ನ ಯಾಕೋಬಿ ಚರ್ಚಿನಲ್ಲಿ 1693ರಲ್ಲಿ ಅವರು ಮುಗಿಸಿದ 60 ಸ್ಟಾಪುಗಳ ವಾದ್ಯದಲ್ಲಿ ಸುಮಾರು ನಾಲ್ಕು ಸಾವಿರ ಕೊಳವೆಗಳಿವೆ. ನಗರಗಳಲ್ಲಿದ್ದಷ್ಟೇ ಆಸಕ್ತಿ ಕರಾವಳಿಯ ಹಳ್ಳಿಗಳಲ್ಲೂ ಇತ್ತು. ಪೂರ್ವ ಫ್ರೀಸಿಯಾದ ರೀಸುಮ್ ಎಂಬ ಹಳ್ಳಿಯ ರೈತರು 15ನೇ ಶತಮಾನದಲ್ಲಿ ಆರ್ಗನ್ನಿನ ಬೆಲೆ ತೀರಿಸಲು ತಮ್ಮ ಕೊಬ್ಬಿದ ದನಗಳನ್ನು ಎಮ್ಸ್ ನದಿಯಾಚೆಗೆ ಸಾಗಿಸಲು ಅನುಮತಿ ಕೇಳಿದ್ದರೆಂಬ ದಾಖಲೆಯಿದೆ. ಅಲ್ಲಿನ ಹಳ್ಳಿಗಳಲ್ಲಿ ವಾದಕರೇ ಶಾಲಾ ಉಪಾಧ್ಯಾಯರೂ ಆಗಿರುತ್ತಿದ್ದರು. ವಾರವೆಲ್ಲ ಮಕ್ಕಳಿಗೆ ಪಾಠ ಹೇಳಿ ಭಾನುವಾರ ಸಭೆಯನ್ನು ಹಾಡಿಸುವುದು ಅವರ ಕರ್ತವ್ಯ. ಷ್ನಿಟ್ಗರ್ ಅವರ ಶ್ರೇಷ್ಠ ವಾದ್ಯಗಳಲ್ಲೊಂದಿರುವ ನಾರ್ಡೆನ್ ಪಟ್ಟಣವೂ, ಗೆರ್ಹಾರ್ಡ್ ವಾನ್ ಹೋಲಿ 1710–11ರಲ್ಲಿ ಕಟ್ಟಿದ ಆರ್ಗನ್ ಇರುವ ಡೋರ್ನುಮ್ ಗ್ರಾಮವೂ ಇದೇ ಪ್ರಾಂತ್ಯಕ್ಕೆ ಸೇರಿದವು. ಡೋರ್ನುಮ್ ಪಕ್ಕದ ರೆಸ್ಟರ್‌ಹಾಫೆಯಲ್ಲಿ 1832ರಲ್ಲಿ ಜನಿಸಿ, 1853ರಲ್ಲಿ ಬಾಸೆಲ್ ಮಿಷನ್ ಮೂಲಕ ಧಾರವಾಡಕ್ಕೆ ಬಂದು, 1894ರಲ್ಲಿ ಕನ್ನಡ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟೆಲ್ ಅವರ ಹುಟ್ಟೂರು ಇಂತಹ ಆರ್ಗನ್‌ಗಳ ನಾಡಿನ ನಡುವಿನದೆಂಬುದು ಕನ್ನಡಿಗರು ಆಸ್ಥೆಯಿಂದ ತಿಳಿಯಬೇಕಾದ ಸಂಗತಿ.

18ನೇ ಶತಮಾನದಲ್ಲಿ ಒಪೆರಾ ಮತ್ತು ಕಛೇರಿ ಸಂಗೀತದ ಕಡೆಗೆ ನಗರದ ಅಭಿರುಚಿ ಹೊರಳಿದಂತೆ ಶಿಷ್ಯರ ಸಾಲು ತೆಳುವಾಯಿತು, ಟ್ಯಾಬ್ಲಚರ್ ಓದಬಲ್ಲವರೂ ಇಲ್ಲವಾದರು. ಷ್ನಿಟ್ಗರ್ ಅವರ ನಿಕೊಲಾಯ್ ಚರ್ಚಿನ ವಾದ್ಯ 1842ರ ಮಹಾ ಅಗ್ನಿ ಅನಾಹುತದಲ್ಲಿ ಸುಟ್ಟುಹೋಯಿತು. ಯಾಕೋಬಿಯ ಮುಂಭಾಗದ ಕೊಳವೆಗಳನ್ನು 1917ರಲ್ಲಿ ಯುದ್ಧಕ್ಕೆ ಬೇಕಾದ ತವರಕ್ಕಾಗಿ ಸರ್ಕಾರ ಕಿತ್ತುಕೊಂಡಿತು. ಅಳಿದುಳಿದ ಆ ವಾದ್ಯದ ಮಹತ್ವವನ್ನು ಲೇಖಕ ಹಾನ್ಸ್ ಹೆನ್ನಿ ಯಾನ್ ಗುರುತಿಸಿ ಪ್ರಚಾರ ಮಾಡಿದ ಪರಿಣಾಮವಾಗಿ 1925ರಲ್ಲಿ ಹ್ಯಾಂಬರ್ಗ್ ಮತ್ತು ಲ್ಯೂಬೆಕ್‌ಗಳಲ್ಲಿ ಆರ್ಗನ್ ವಾದಕರ ಸಮ್ಮೇಳನ ನಡೆದು, ಹಳೆಯ ವಾದ್ಯಗಳನ್ನು ಕೆಡವಿ ಹೊಸದು ಕಟ್ಟುವ ಬದಲು ಅವುಗಳಿಂದ ಕಲಿಯಬೇಕೆಂಬ ಚಳವಳಿಗೆ ಬಲ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಯಾಕೋಬಿ ಚರ್ಚು ಬಾಂಬಿಗೆ ಗುರಿಯಾದರೂ, ಕೊಳವೆಗಳನ್ನೂ ಗಾಳಿಪೆಟ್ಟಿಗೆಗಳನ್ನೂ ಮೊದಲೇ ಬಿಚ್ಚಿ ಬೇರೆಡೆ ಇರಿಸಿದ್ದರಿಂದ ಅವು ಉಳಿದವು. ಯ್ಯೂರ್ಗೆನ್ ಆರೆಂಟ್ ನಡೆಸಿದ ಜೀರ್ಣೋದ್ಧಾರ 1993ರಲ್ಲಿ ಪೂರ್ಣಗೊಂಡಿತು. 1943ರಲ್ಲಿ ನಾಶವಾದ ಕ್ಯಾಥರೀನೆನ್ ಆರ್ಗನ್, ಉಳಿದಿದ್ದ 520 ಹಳೆಯ ಕೊಳವೆಗಳನ್ನೂ ಸೇರಿಸಿಕೊಂಡು ಫ್ಲೆಂಟ್ರಾಪ್ ಸಂಸ್ಥೆಯ ಕೈಯಲ್ಲಿ ಮರುರೂಪ ಪಡೆದು 2013ರಲ್ಲಿ ಮತ್ತೆ ನುಡಿಯಿತು. ಆ ವಾದ್ಯದ 32 ಅಡಿಯ ಕೊಳವೆಗಳನ್ನು ಬಾಖ್ ಮೆಚ್ಚಿದ್ದರೆಂಬ ಅವರ ಶಿಷ್ಯರ ಸಾಕ್ಷ್ಯವು ಈ ಕಾರ್ಯಕ್ಕೆ ಹಣ ಕೂಡಿಸಲು ನೆರವಾದರೂ, ಅದು ಮೂಲತಃ ಶೈಡೆಮಾನ್ ಮತ್ತು ರೈನ್ಕೆನ್ ಅವರ ವಾದ್ಯ. 20ನೇ ಶತಮಾನದ ಮಧ್ಯಭಾಗದಲ್ಲಿ ಹಾರ್ಟ್ಸ್ ಪರ್ವತಪ್ರದೇಶದ ತ್ಸೆಲರ್‌ಫೆಲ್ಟ್‌ನಲ್ಲಿ ದೊರೆತ ನಕಲು ಪುಸ್ತಕಗಳಿಂದ ಶೈಡೆಮಾನ್ ಅವರ ಅನೇಕ ರಚನೆಗಳು ಬೆಳಕಿಗೆ ಬಂದಿದ್ದು, ಅವು ಹುಟ್ಟಿದ ಚರ್ಚಿನಲ್ಲಿಯೇ, ಅವುಗಳಿಗೆ ತಕ್ಕ ಪೆಡಲ್ ಮತ್ತು ಸ್ಟಾಪುಗಳ ಮೇಲೆ ಅವನ್ನು ನುಡಿಸುವುದು ಈಗ ಸಾಧ್ಯವಾಗಿದೆ.